ಶ್ರಾವಣ ಸೋಮವಾರದ ಈರುಳ್ಳಿ

ವೇದಿಕೆಯ ನಡುವೆ ಕುಳಿತಿರುವ ನಮ್ಮ ಪ್ರಾಂಶುಪಾಲರೇ, ಅವರ ಎಡಬಲದಲ್ಲಿರುವ ಅತಿಥಿ ಮಹನೀಯರೇ, ಮಕ್ಕಳಿಗೆ ಪಾಠ ಹೇಳುವ ಗುರುಗಳೇ, ಕಾಫಿ ಹೂ ಅರಳಿಸುವ ಹೂಮಳೆ ಬಂದೀತೇ ಎಂದು ಆಕಾಶ ನೋಡುವುದನ್ನು ಈ ಒಂದು ಸಂಜೆಯ ಮಟ್ಟಿಗೆ ಬಿಟ್ಟು ಬಂದಿರುವ ಬೆಳೆಗಾರ ಬಂಧುಗಳೇ, ಹಿಂದಿನ ಸಾಲಿನಲ್ಲಿ ಶಿಳ್ಳೆ ಹೊಡೆಯಲು ತಯಾರಾಗಿ ನಿಂತಿರುವ ವಿದ್ಯಾರ್ಥಿ ಮಿತ್ರರೇ, ಮತ್ತು ಎಲ್ಲ ಸಭಿಕರೇ,

ನನ್ನ ಹೆಸರು ವಿಶಾಲಾಕ್ಷಮ್ಮ. ಸೋಮವಾರಪೇಟೆಯ ಸುತ್ತಮುತ್ತ ನನ್ನನ್ನು ನೋಡದವರು ಕಡಿಮೆ, ಕೇಳಿದವರು ಇನ್ನೂ ಕಡಿಮೆ. ಯಾಕೆಂದರೆ ಮಹಿಳಾ ಸಮಾಜದ ಸಭೆಗಳಲ್ಲಿ ನನಗೆ ಸಿಗುವುದು ಯಾವಾಗಲೂ ವಂದನಾರ್ಪಣೆ. ನಾನು ಮೈಕಿನ ಮುಂದೆ ಬರುವ ಹೊತ್ತಿಗೆ ಜನ ಎದ್ದು ಉಪ್ಪಿಟ್ಟಿನ ಕಡೆ ಹೋಗಿರುತ್ತಾರೆ. ಇವತ್ತು ಮೊದಲ ಬಾರಿಗೆ ಕುಳಿತಿರುವ ಜನರ ಮುಂದೆ ಮಾತಾಡುತ್ತಿದ್ದೇನೆ. ಸ್ವಲ್ಪ ಹೆಚ್ಚು ಹೊತ್ತು ತೆಗೆದುಕೊಂಡರೆ ಪ್ರಾಂಶುಪಾಲರು ಕ್ಷಮಿಸಬೇಕು.

ಪೋಷಕರ ಪರವಾಗಿ ಎರಡು ಮಾತು ಹೇಳಿ ಎಂದು ಕರೆದಿದ್ದಾರೆ. ಯಾರ ಪೋಷಕಿ ನಾನು? ಮೊದಲನೇ ವರ್ಷದ ಬಿ.ಎಸ್ಸಿ. ಓದುತ್ತಿರುವ ವಿನುತಾಳ ಪೋಷಕಿ. ವಿನುತಾ ನನ್ನ ಮಗಳಲ್ಲ, ಸೊಸೆ. ಸೇರಿಸುವ ದಿನ ಪೋಷಕರ ಸಹಿ ಎಂಬ ಜಾಗ ಬಂದಾಗ ನನ್ನ ಮಗ ಚೇತನ್‌ಕುಮಾರ್ ಪೆನ್ನನ್ನು ನನ್ನ ಕೈಗೆ ಕೊಟ್ಟು, "ಗಂಡ ಪೋಷಕ ಹೆಂಗಮ್ಮಾ ಆಗ್ತಾನೆ? ನೀನೇ ಹಾಕು" ಎಂದ. ಹಾಕಿದೆ. ಆ ಸಹಿ ಮುಂದೆ ನನ್ನನ್ನು ಎಲ್ಲೆಲ್ಲಿಗೆ ಎಳೆದುಕೊಂಡು ಹೋಗುತ್ತದೆ ಎಂದು ನನಗೇನು ಗೊತ್ತಿತ್ತು?

ವಿನುತಾ ಪಿಯುಸಿ ಮುಗಿಸಿ ನಮ್ಮ ಮನೆ ಹೊಕ್ಕವಳು. ಮದುವೆಯಾಗಿ ಕೆಲವು ವರ್ಷ ಕಳೆದ ಮೇಲೆ ಒಂದು ದಿನ ಊಟ ಬಡಿಸುತ್ತಾ, "ನಾನು ಡಿಗ್ರಿ ಮಾಡ್ಲಾ?" ಎಂದು ಕೇಳಿದಳು. ಚೇತನ್ ಬೇಡ ಎನ್ನಲಿಲ್ಲ, ಆದರೆ ಒಂದು ಷರತ್ತು ಹಾಕಿದ. "ಸೇರ್ಕೋ. ಆದ್ರೆ ಮೊದಲನೇ ಸೆಮಿಸ್ಟರಲ್ಲಿ ಒಂದೇ ಒಂದು ಸಬ್ಜೆಕ್ಟ್ ಹೋದ್ರೂ ಅಲ್ಲಿಗೆ ನಿಲ್ಲಿಸ್ಬೇಕು. ಕಾಫಿ ಪಿಕ್ಕಿಂಗ್ ಟೈಮಲ್ಲಿ ಮನೇಲಿ ಜನ ಬೇಕು" ಎಂದ. ಅವಳು ಒಪ್ಪಿದಳು. ನಾನು ಸಾರು ಬಡಿಸಿದೆ. ಅವನು ಹೇಳಿದ್ದು ನನಗೂ ಸರಿ ಎಂದೇ ಕಂಡಿತ್ತು. ಇಲ್ಲಿ ಮುಂದಿನ ಸಾಲಿನಲ್ಲಿ ಕುಳಿತು ನೆಲ ನೋಡುತ್ತಿರುವವನೇ ನನ್ನ ಮಗ. ತಲೆ ಎತ್ತಪ್ಪಾ, ನಿನ್ನನ್ನು ಹೊಗಳುವ ಭಾಗ ಇನ್ನೂ ಬರಬೇಕು.

ಸೆಲ್ ಬಯಾಲಜಿ ಎಂಬ ಪಾಠ ಶುರುವಾಯಿತು. ಸೆಲ್ ಎಂದರೆ ಟಾರ್ಚಿಗೆ ಹಾಕುವುದು ಎಂದುಕೊಂಡಿದ್ದವಳು ನಾನು. ವಿನುತಾ ರೊಟ್ಟಿ ತಟ್ಟುತ್ತಾ ವಿವರಿಸುತ್ತಿದ್ದಳು: "ಸೆಲ್ ಅಂದ್ರೆ ಜೀವಕೋಶ ಅತ್ತೆ. ನೀವು, ನಾನು, ಆ ಹಸು, ಈ ಕರಿಬೇವು, ಎಲ್ಲಾ ಅದ್ರಿಂದಾನೇ ಆಗಿರೋದು." ನಮ್ಮ ಯಜಮಾನರು ಚನ್ನಮಲ್ಲಪ್ಪನವರು ಒಳಗಿನಿಂದ, "ನಿಮ್ಮತ್ತೇಲಿ ಸ್ವಲ್ಪ ಜಾಸ್ತಿನೇ ಇರ್ಬೇಕು ನೋಡವ್ವಾ" ಎಂದು ಕೂಗುತ್ತಿದ್ದರು. ಹೀಗೆ ನಗುನಗುತ್ತಲೇ ಶ್ರಾವಣ ಬಂತು.

ಶ್ರಾವಣದಲ್ಲಿ ನಮ್ಮ ಮನೆಯ ಪದ್ಧತಿ ನಮ್ಮ ಕಡೆಯವರಿಗೆ ಗೊತ್ತೇ ಇದೆ. ಆ ತಿಂಗಳು ಪೂರ್ತಿ ಈರುಳ್ಳಿ ನಮ್ಮ ಹೊಸ್ತಿಲು ದಾಟುವಂತಿಲ್ಲ. ನನ್ನ ಅತ್ತೆ ಮಾಡಿದ್ದು, ನಾನು ಮುಂದುವರಿಸಿದ್ದು. ಬುಟ್ಟಿಯಲ್ಲಿ ಉಳಿದಿದ್ದರೂ ತೋಟದ ಆಳುಗಳಿರುವ ಲೈನ್ ಮನೆಗಳಿಗೆ ಕೊಟ್ಟುಬಿಡುತ್ತೇವೆ. ಸೋಮವಾರ ಬೇರೆ ನನಗೆ ಉಪವಾಸ. ಈ ಸಲ ಅದೇ ತಿಂಗಳಿನಲ್ಲಿ ಸೆಲ್ ಬಯಾಲಜಿ ಹೇಳಿಕೊಡುವ ರಶ್ಮಿತಾ ಮೇಡಂ ಮಕ್ಕಳಿಗೆ ಏನು ಹೇಳಬೇಕು? "ಎಲ್ಲರೂ ಮನೆಯಲ್ಲಿ ಒಂದೊಂದು ಈರುಳ್ಳಿಯನ್ನು ನೀರಿನ ಲೋಟದ ಮೇಲೆ ಕೂರಿಸಿ ಬೇರು ಬರಿಸಿಕೊಂಡು ಬನ್ನಿ. ಆ ಬೇರಿನ ತುದಿಯಲ್ಲಿ ಒಂದು ಕೋಶ ಎರಡಾಗುವುದನ್ನು ನೋಡೋಣ. ಅವರವರ ಈರುಳ್ಳಿ, ಅವರವರ ಸ್ಲೈಡು." ಮೇಡಂ ತಪ್ಪೇನಿಲ್ಲ. ಪಂಚಾಂಗ ನೋಡಿ ಪಾಠ ಮಾಡಲು ಆಗುತ್ತದೆಯೇ?

ವಿನುತಾ ನನ್ನನ್ನು ಕೇಳಲಿಲ್ಲ. ಕೇಳಿದ್ದರೆ ನಾನು ಆಗಲ್ಲ ಎಂದೇ ಹೇಳುತ್ತಿದ್ದೆ, ಸುಳ್ಳು ಯಾಕೆ ಹೇಳಲಿ? ಅವಳು ತನಗೆ ತಾನೇ ಒಂದು ದಾರಿ ಹುಡುಕಿಕೊಂಡಳು. ಈರುಳ್ಳಿಯ ಬೇರಾದರೇನು, ಕಾಫಿಯ ಬೇರಾದರೇನು, ಎರಡೂ ಬೇರೇ ಅಲ್ಲವೇ? ನಮ್ಮ ನರ್ಸರಿಯಲ್ಲಿ ಪ್ಯಾಕೆಟ್ಟಿನ ಗಿಡಗಳು ಸಾಲುಸಾಲಾಗಿ ನಿಂತಿವೆ. ಒಂದು ಗಿಡ ಕಿತ್ತು, ಬೇರು ತೊಳೆದು, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಕಾಲೇಜಿಗೆ ಹೋದಳು. ಕಾಫಿ ಬೆಳೆಯುವ ಮನೆಯವರಿಗಲ್ಲದೆ ಇಂಥ ಯೋಚನೆ ಇನ್ಯಾರಿಗೆ ಬರುತ್ತದೆ ಹೇಳಿ.

ಸಂಜೆ ಬಂದವಳು ಕಾಫಿ ಕುಡಿಯಲಿಲ್ಲ. ಹಿತ್ತಲಿನಲ್ಲಿ ನಿಂತು ಗೆಳತಿ ಪವಿತ್ರಾಳ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಳು. ನಾನು ಕದ್ದು ಕೇಳಲಿಲ್ಲ. ಬಟ್ಟೆ ತೆಗೆಯಲು ಹೋಗಿದ್ದೆ, ಕಿವಿಗೆ ಬಿತ್ತು, ಬಿದ್ದ ಮೇಲೆ ಅಲ್ಲೇ ನಿಂತೆ. "ಏನೂ ಕಾಣಲಿಲ್ಲ ಕಣೆ. ಬರೀ ಕರಿ ಕರಿ ಚುಕ್ಕಿ. ಕಾಫೀಲೂ ಆಗುತ್ತೆ, ಆದ್ರೆ ಅದ್ರ ಕ್ರೋಮೋಸೋಮು ತೀರಾ ಚಿಕ್ಕವು, ಕಲಿಯೋರ ಕಣ್ಣಿಗೆ ಸಿಗಲ್ಲ ಅಂದ್ರು ಮೇಡಂ. ಶುಕ್ರವಾರ ಇನ್ನೊಂದು ಚಾನ್ಸ್ ಕೊಟ್ಟಿದ್ದಾರೆ. ಆಗ್ಲೂ ತೋರಿಸ್ಲಿಲ್ಲ ಅಂದ್ರೆ ರೆಕಾರ್ಡಿಗೆ ಸೈನ್ ಇಲ್ಲ, ಸೈನ್ ಇಲ್ದೆ ಎಕ್ಸಾಮಿಗೆ ಕೂರಿಸಲ್ಲ. ಅಲ್ಲಿಗೆ ನನ್ನ ಓದು ಮುಗೀತು." ಆ ಕಡೆಯಿಂದ ಪವಿತ್ರಾ ಏನೋ ಹೇಳಿರಬೇಕು. ಇವಳು, "ಇಲ್ಲ ಕಣೆ, ಅತ್ತೇನ ಕೇಳಲ್ಲ. ಅಷ್ಟು ವರ್ಷದಿಂದ ನಡೆಸ್ಕೊಂಡು ಬಂದಿದ್ದಾರೆ. ನನ್ನ ಒಂದು ಪ್ರಾಕ್ಟಿಕಲ್ಸಿಗೋಸ್ಕರ ಅವರ ಮನಸ್ಸು ನೋಯಿಸೋದಾ?" ಎಂದಳು.

ಸಭಿಕರೇ, ಮೊದಲು ನನಗೆ ಬಂದದ್ದು ಸಿಟ್ಟು. ಮೂರು ತಲೆಮಾರಿನಿಂದ ಕಾಫಿ ಬೆಳೆಯುತ್ತಿರುವ ಮನೆ ನಮ್ಮದು. ನಮ್ಮ ಕಾಫಿ ತೋರಿಸಲಾಗದ್ದನ್ನು ಜುಜುಬಿ ಈರುಳ್ಳಿ ತೋರಿಸುತ್ತದಂತೆ! ಆಮೇಲೆ ಬಟ್ಟೆ ಮಡಚುತ್ತಾ ಕುಳಿತಾಗ ಅವಳ ಮಾತೇ ಮತ್ತೆ ನೆನಪಾಯಿತು. ಕೇಳಿ ಇಲ್ಲ ಅನ್ನಿಸಿಕೊಂಡಿದ್ದರೆ ಅವಳಿಗೆ ನನ್ನ ಮೇಲೆ ಸಿಟ್ಟಾದರೂ ಇರುತ್ತಿತ್ತು. ಇವಳು ನನ್ನ ಮನಸ್ಸು ಕಾಯಲು ತನ್ನ ಓದನ್ನೇ ಬಿಡಲು ತಯಾರಾಗಿ ನಿಂತಿದ್ದಾಳೆ. ನನ್ನ ಹೊಟ್ಟೆಯಲ್ಲಿ ಹುಟ್ಟಿದವನೂ ನನಗೋಸ್ಕರ ಇಷ್ಟು ಯೋಚನೆ ಮಾಡಿದ್ದು ನನಗೆ ನೆನಪಿಲ್ಲ.

ಅದು ಶನಿವಾರ. ಒಂದು ದಿನ ಬಿಟ್ಟು ಸೋಮವಾರ. ಸೋಮವಾರಪೇಟೆಯ ಸಂತೆ. ಶ್ರಾವಣ ಸೋಮವಾರ ಬೇರೆ. ದೇವಸ್ಥಾನಕ್ಕೆ ಹೋಗಿ ಬಂದವಳು, ಹಣೆಯ ಮೇಲೆ ವಿಭೂತಿ ಇರುವಾಗಲೇ, ನೆಟ್ಟಗೆ ಸಂತೆಗೆ ಹೋಗಿ ಕುಶಾಲನಗರದ ಕಡೆಯಿಂದ ಬರುವ ಹುಚ್ಚಮ್ಮನ ಅಂಗಡಿ ಮುಂದೆ ನಿಂತೆ. ನಾನು ಈರುಳ್ಳಿಗೆ ಕೈ ಹಾಕಿದ್ದೇ ತಡ, ಅವಳು ತಕ್ಕಡಿ ಕೆಳಗಿಟ್ಟಳು. "ಅಮ್ಮಾರೇ, ಇದ್ಯಾಕ್ರವ್ವಾ? ಇವತ್ತು ಶ್ರಾವಣ ಸೋಮ್ವಾರ ಅಲ್ವಾ? ಮೈಗೆ ಹುಷಾರಾಗಿದ್ದೀರಾ?"

"ತಿನ್ನಕ್ಕಲ್ಲ ಕಣೇ, ಓದಕ್ಕೆ" ಎಂದೆ.

"ಈರುಳ್ಳಿ ಓದ್ತೀರಾ?"

"ನಾನಲ್ಲ, ನನ್ನ ಸೊಸೆ."

ಅವಳು ಅಕ್ಕಪಕ್ಕದ ಅಂಗಡಿಯವರಿಗೆಲ್ಲ ಕೇಳುವಂತೆ, "ಕಾಲ ಎಲ್ಲಿಗೆ ಬಂತು ನೋಡ್ರಪ್ಪಾ, ಈರುಳ್ಳೀಲೂ ಓದಾದು ಐತಂತೆ!" ಎಂದಳು. ಸಂತೆಯಿಂದ ನಾನು ಬಸ್ ಸ್ಟ್ಯಾಂಡ್ ಮುಟ್ಟುವುದಕ್ಕೆ ಮೊದಲೇ ಸುದ್ದಿ ಮುಟ್ಟಿತ್ತು. ಮಹಿಳಾ ಸಮಾಜದ ಸದಸ್ಯೆಯರು ಇಲ್ಲಿದ್ದೀರಿ, ನಗಬೇಡಿ, ನೀವೇ ತಾನೇ ಹಬ್ಬಿಸಿದ್ದು?

ಮನೆಗೆ ತಂದು ಈರುಳ್ಳಿಗಳನ್ನು ವಿನುತಾಳ ಮುಂದೆ ಇಟ್ಟಾಗ ಅವಳು ನನ್ನ ಮುಖ ನೋಡಿದಳು, ಈರುಳ್ಳಿ ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. "ಜಗಲಿ ಮೇಲೆ ಮಾತ್ರ. ಒಳಗೆ ಬರೋ ಹಾಗಿಲ್ಲ" ಎಂದು ನಾನು ಗಟ್ಟಿಯಾಗಿಯೇ ಹೇಳಿದೆ. ಲೋಟಗಳಲ್ಲಿ ನೀರು ತುಂಬಿ, ಬುಡ ಮಾತ್ರ ನೀರಿಗೆ ತಾಗುವಂತೆ ಕೂರಿಸಿದಳು. ನಮ್ಮ ಸೋಮವಾರಪೇಟೆಯ ಆ ತಿಂಗಳ ಚಳಿ ನಿಮಗೆ ಗೊತ್ತು. ಮಂಗಳವಾರ ಸಂಜೆಯಾದರೂ ಬೇರಿನ ಸುಳಿವಿಲ್ಲ. ಶುಕ್ರವಾರ ಹತ್ತಿರ ಬರುತ್ತಿದೆ! ಲೋಟಗಳನ್ನು ಬಚ್ಚಲ ಒಲೆಯ ಹತ್ತಿರಕ್ಕೆ ಸಾಗಿಸಿದೆ. ಅಲ್ಲಿ ಹೊಗೆ. ಕೊನೆಗೆ ನಾನೇ ಎತ್ತಿಕೊಂಡು ಹೋಗಿ ಅಡುಗೆಮನೆಯ ಒಳಗೆ, ದೋಸೆ ಹಿಟ್ಟು ಹುದುಗಲು ಇಡುವ ಬೆಚ್ಚನೆಯ ಮೂಲೆಯಲ್ಲಿ ಕೂರಿಸಿದೆ. ಶ್ರಾವಣದಲ್ಲಿ ನಮ್ಮ ಅಡುಗೆಮನೆಗೆ ಈರುಳ್ಳಿ ಬಂದದ್ದು ಅದೇ ಮೊದಲು. ನಮ್ಮ ಯಜಮಾನರು ಬಾಗಿಲಲ್ಲಿ ನಿಂತು ಆಸೆಯಿಂದ ನೋಡಿ, "ಓದಿ ಮುಗಿದ ಮೇಲೆ ಇವನ್ನ ಏನ್ಮಾಡ್ತೀರಿ? ಬಜ್ಜಿ ಮಾಡ್ಬಹುದಾ?" ಎಂದರು. ಅವರಿಗೆ ನಾನು ಕೊಟ್ಟ ಉತ್ತರ ವೇದಿಕೆಗೆ ತಕ್ಕದ್ದಲ್ಲ.

ಬೇರು ಬಂತು! ಬೆಳ್ಳಗೆ, ದಾರದಂತೆ ಇಳಿದು ಬಂತು. ಶುಕ್ರವಾರ ಬೆಳಿಗ್ಗೆ ಚೇತನ್ ಜೀಪು ತೆಗೆದುಕೊಂಡು ಚೆಟ್ಟಳ್ಳಿಗೆ ಹೋಗಿದ್ದ. ವಿನುತಾಳಿಗೆ ಬ್ಯಾಗು, ಕೊಡೆ, ಲೋಟ ಎಲ್ಲ ಒಟ್ಟಿಗೆ ಹಿಡಿಯಲಾಗದು ಎಂದು ನಾನೂ ಹೊರಟೆ. ಬಸ್ಸಿನಲ್ಲಿ ಅತ್ತೆ ಸೊಸೆ ಇಬ್ಬರ ತೊಡೆಯ ಮೇಲೂ ಒಂದೊಂದು ಲೋಟ, ಲೋಟದ ಮೇಲೊಂದು ಈರುಳ್ಳಿ. ತಿರುವು ಬಂದಾಗಲೆಲ್ಲ ನನ್ನ ಸೀರೆ ಒದ್ದೆ. ಕಂಡಕ್ಟರು ಟಿಕೆಟ್ ಕೊಟ್ಟು, ಏನೋ ಕೇಳಬೇಕೆಂದು ಬಾಯಿ ತೆರೆದು, ನನ್ನ ಮುಖ ನೋಡಿ ಮುಂದಕ್ಕೆ ಹೋದ.

ರಶ್ಮಿತಾ ಮೇಡಂ ದೊಡ್ಡ ಮನಸ್ಸು ಮಾಡಿ ನನ್ನನ್ನೂ ಪ್ರಯೋಗಾಲಯದ ಒಳಗೆ ಬಿಟ್ಟರು. ವಿನುತಾ ಬೇರಿನ ತುದಿ ಕತ್ತರಿಸಿದಳು, ಕೆಂಪು ಬಣ್ಣ ಹಾಕಿದಳು, ದೀಪದ ಮೇಲೆ ಹಗುರವಾಗಿ ಬಿಸಿ ಮಾಡಿದಳು, ಮೇಲೆ ತೆಳು ಗಾಜಿಟ್ಟು ಹೆಬ್ಬೆರಳಿನಿಂದ ಒತ್ತಿದಳು. ಬೆರಳು ಆಚೀಚೆ ಜಾರಿದರೆ ಕೆಲಸ ಕೆಟ್ಟಿತಂತೆ. ಮೊದಲನೆಯದು ಜಾರಿತು. ಎರಡನೆಯದರ ತುಂಬಾ ಗಾಳಿಗುಳ್ಳೆ. ಅವಳು ಮೂರನೇ ಬೇರು ಕತ್ತರಿಸಿದಳು. ನಾನು ಮೂಲೆಯಲ್ಲಿ ನಿಂತು ಓಂ ನಮಃ ಶಿವಾಯ ಎನ್ನುತ್ತಿದ್ದೆ. ಈರುಳ್ಳಿಯ ವಿಷಯಕ್ಕೆ ಶ್ರಾವಣದಲ್ಲಿ ಶಿವನನ್ನು ಕರೆದವಳು ನಾನೊಬ್ಬಳೇ ಇರಬೇಕು. ಮೂರನೆಯದನ್ನು ಮೇಡಂ ನೋಡಿದರು. ತುಂಬಾ ಹೊತ್ತು ನೋಡಿದರು. ಆಮೇಲೆ ತಲೆ ಎತ್ತಿ, "ಸಿಕ್ಕಿದೆ ವಿನುತಾ. ಅಮ್ಮಾ, ನೀವೂ ಬಂದು ನೋಡಿ" ಎಂದರು.

ಸೂಕ್ಷ್ಮದರ್ಶಕದಲ್ಲಿ ಮೊದಲು ನನಗೆ ಕಂಡದ್ದು ನನ್ನ ಕಣ್ಣಿನ ರೆಪ್ಪೆಯೇ. "ಇದೇನು ಕಾಡು!" ಎಂದೆ. ವಿನುತಾ ನನ್ನ ತಲೆ ಹಿಡಿದು ಸರಿಯಾಗಿ ಕೂರಿಸಿದಳು. ಆಗ ಕಂಡಿತು. ಇಟ್ಟಿಗೆ ಜೋಡಿಸಿದಂತೆ ಪುಟ್ಟ ಪುಟ್ಟ ಕೋಣೆಗಳು. ಒಂದು ಕೋಣೆಯೊಳಗೆ ಕೆಂಪು ಎಳೆಗಳು, ಅರ್ಧ ಈ ಕಡೆಗೆ, ಅರ್ಧ ಆ ಕಡೆಗೆ, ಹೊರಟವು ಹೊರಟಲ್ಲೇ ನಿಂತಿದ್ದವು. "ಅತ್ತೆ, ನೋಡಿ, ಎರಡು ಕಡೆಗೂ ಸಮಸಮ. ಯಾರಿಗೂ ಕಡಿಮೆಯಿಲ್ಲ" ಎಂದಳು ನನ್ನ ಕಿವಿಯ ಹತ್ತಿರ. ನನ್ನ ಒಳಗೂ ಹೀಗೇ ನಡೆಯುತ್ತಿದೆಯಂತೆ. ನನ್ನ ಮಗ ನನ್ನ ಹೊಟ್ಟೆಯಲ್ಲಿ ಬೆಳೆದದ್ದೂ ಹೀಗೇ ಅಂತೆ. ಇಷ್ಟು ವಯಸ್ಸಾದರೂ ಯಾರೂ ನನಗೆ ಇದನ್ನು ತೋರಿಸಿರಲಿಲ್ಲ. ನನಗೆ ಅಳು ಬಂದುಬಿಟ್ಟಿತು. ಹೆಚ್ಚದ ಈರುಳ್ಳಿಗೆ ಅತ್ತವಳು ಎಂದು ಅಲ್ಲಿದ್ದ ಹುಡುಗಿಯರು ಈಗಲೂ ನನ್ನನ್ನು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ನನಗೆ ಸಂತೋಷವೇ.

ಅಂದು ಸಂಜೆ ಚೇತನ್ ಮುಖ ಊದಿಸಿಕೊಂಡು ಬಂದ. "ಅಮ್ಮಾ, ಶ್ರಾವಣ ಸೋಮವಾರ ನೀನು ಸಂತೇಲಿ ಈರುಳ್ಳಿ ತಗೊಂಡಿದ್ದು ಊರಿಗೆಲ್ಲ ಗೊತ್ತಾಗಿದೆ. ಚೆಟ್ಟಳ್ಳಿವರೆಗೂ ಸುದ್ದಿ ಹೋಗಿದೆ. ಎಲ್ರೂ ನಗ್ತಿದ್ದಾರೆ" ಎಂದ.

"ನಗ್ಲಿ ಬಿಡು. ನೀನೊಂದು ಮಾತು ಕೇಳಿಸ್ಕೋ. ಇನ್ಮೇಲೆ ಷರತ್ತು ಗಿರತ್ತು ಏನೂ ಇಲ್ಲ. ಅವಳು ಪಾಸಾದ್ರೂ ಓದ್ತಾಳೆ, ಫೇಲಾದ್ರೂ ಓದ್ತಾಳೆ."

ಊಟಕ್ಕೆ ಕುಳಿತಿದ್ದವನು ತಟ್ಟೆಯಲ್ಲಿ ಕೈ ತೊಳೆದು ಎದ್ದು ಹೋದ. ಆ ಉತ್ತರ ಬಾಕಿಯೇ ಉಳಿಯಿತು. ರೆಕಾರ್ಡಿಗೆ ಸಹಿ ಬಿತ್ತು, ಪಿಕ್ಕಿಂಗ್ ಬಂತು, ಪಿಕ್ಕಿಂಗ್ ನಡುವೆಯೇ ಪರೀಕ್ಷೆ ಬಂತು. ಬೆಳಿಗ್ಗೆ ಆಳುಗಳಿಗೆ ಕಾಫಿ ಕಾಯಿಸಿಟ್ಟು ಪರೀಕ್ಷೆಗೆ ಓಡುತ್ತಿದ್ದಳು. ಕೊನೆಗೆ ಫಲಿತಾಂಶವೂ ಬಂತು.

ಕಣದಲ್ಲಿ ಕಾಫಿ ರಾಶಿ ಮಾಡುತ್ತಿದ್ದೆವು. ಚೇತನ್ ಮೊಬೈಲಿನಲ್ಲಿ ನೋಡಿ ಹೇಳಿದ. ಸೆಲ್ ಬಯಾಲಜಿಯಲ್ಲಿ ವಿನುತಾ ತರಗತಿಗೇ ಮೊದಲು! ಆ ಬಹುಮಾನವನ್ನೇ ಇವತ್ತು ಇಲ್ಲಿ ಕೊಡುತ್ತಿರುವುದು. ನಾನು ಕುಣಿಯುವುದೊಂದು ಬಾಕಿ. ಆದರೆ ಅವಳ ಮುಖದಲ್ಲಿ ನಗುವಿಲ್ಲ. ಯಾಕೆಂದರೆ... ಅಯ್ಯೋ, ಇದನ್ನು ಮಾತ್ರ ಹೇಳಬೇಡಿ ಅತ್ತೆ ಎಂದು ಜೀಪಿನಲ್ಲಿ ಬರುವಾಗ ಕೈ ಹಿಡಿದು ಕೇಳಿಕೊಂಡಿದ್ದಳು. ಆಗಲಿ, ಬಾಯಿ ತೆರೆದಾಯಿತು. ಕೆಮಿಸ್ಟ್ರಿ ಹೋಗಿತ್ತು.

ವಿನುತಾ ಒಳಗೆ ಹೋದಳು. ಪುಸ್ತಕಗಳನ್ನೆಲ್ಲ ಒಂದು ಹಳೆಯ ಸೀರೆಯಲ್ಲಿ ಹಾಕಿ ಗಂಟು ಕಟ್ಟತೊಡಗಿದಳು. ಕೊಟ್ಟ ಮಾತಿಗೆ ತಪ್ಪುವ ಹುಡುಗಿಯಲ್ಲ ಅವಳು. ಚೇತನ್ ಹಿಂದೆಯೇ ಹೋದ. ನಾನು ಸೆರಗು ಸಿಕ್ಕಿಸಿಕೊಂಡು, ಇವತ್ತು ಇವನನ್ನು ಬಿಡುವುದಿಲ್ಲ ಎಂದುಕೊಂಡು ಅವನ ಹಿಂದೆ ಹೋಗಿ ಬಾಗಿಲಲ್ಲಿ ನಿಂತೆ.

ಅವನು ನೆಲದ ಮೇಲೆ ಅವಳ ಎದುರಿಗೆ ಕುಳಿತ. "ಪಿಯುಸಿ ಕೆಮಿಸ್ಟ್ರಿ ನಾನೂ ಎರಡನೇ ಸಲಕ್ಕೇ ಪಾಸಾಗಿದ್ದು. ಮನೇಲಿ ಯಾರಿಗೂ ಹೇಳಿರ್ಲಿಲ್ಲ" ಎಂದ. ನೋಡಿದಿರಾ ಸಭಿಕರೇ? ಇಷ್ಟು ವರ್ಷ ನನಗೇ ಗೊತ್ತಿರಲಿಲ್ಲ! ಬಾಗಿಲಿನಲ್ಲೇ ಬೈಯಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವನು ಗಂಟಿಗೆ ಕೈ ಹಾಕಿ ಬಿಚ್ಚತೊಡಗಿದ. "ಇದ್ಯಾಕೆ ಕಟ್ತಿದ್ದೀಯಾ? ನಾಳೆ ಕಾಲೇಜಿಲ್ವಾ?" ಎಂದ.

ತೆರೆದ ಬಾಯಿ ಮುಚ್ಚಿಕೊಂಡು ನಾನು ಕಣಕ್ಕೆ ವಾಪಸು ಹೋದೆ. ನನ್ನ ಮಗನ ಬಗ್ಗೆ ನನಗೆ ಅಷ್ಟು ಹೆಮ್ಮೆಯಾದ ದಿನ ಇನ್ನೊಂದಿಲ್ಲ.

ಪ್ರಾಂಶುಪಾಲರು ಗಡಿಯಾರ ನೋಡುತ್ತಿದ್ದಾರೆ. ಶ್ರಾವಣ, ಸೋಮವಾರ ಯಾವುದನ್ನೂ ಲೆಕ್ಕಿಸದೆ ಪಾಠ ಮಾಡುವ ರಶ್ಮಿತಾ ಮೇಡಂಗೆ, ನನ್ನಂಥವಳಿಗೆ ಮೈಕು ಕೊಟ್ಟ ಈ ಕಾಲೇಜಿಗೆ, ಎದ್ದು ಹೋಗದೆ ಕೇಳಿದ ನಿಮಗೆಲ್ಲರಿಗೂ ನಾನು ಋಣಿ. ಬಹುಮಾನ ನನ್ನ ಕೈಯಿಂದಲೇ ಕೊಡಿಸುತ್ತಾರಂತೆ. ವಿನುತಾ, ಮುಖ ಮುಚ್ಚಿಕೊಂಡದ್ದು ಸಾಕು, ಮೇಲೆ ಬಾ ಮಗಾ. ಕೆಮಿಸ್ಟ್ರಿ ಹೋಗಿದ್ದನ್ನು ಹೇಳಿಬಿಟ್ಟೆ ಅಂತ ಸಿಟ್ಟಿದ್ದರೆ ಇಲ್ಲೇ, ಎಲ್ಲರ ಮುಂದೆ ಬೈದುಬಿಡು. ಇನ್ನು ಮೇಲೆ ನನ್ನ ಮನಸ್ಸು ನೋಯುತ್ತದೆ ಎಂದು ಏನನ್ನೂ ಕೇಳದೆ ಇರಬೇಡ. ಎಲ್ಲರಿಗೂ ನನ್ನ ನಮಸ್ಕಾರ.