ಹೆಸರಿನ ಕೊನೆಯ ಖಾಲಿ ಜಾಗ

ಆ ದೀಪ ಹಾಗೇ ಇರಲಿ, ಆರಿಸಬೇಡಿ. ಆಮೇಲೆ ನೀರು ಕುಡಿಯೋಕೂ ಒಬ್ಬೊಬ್ಬರೇ ಏಳಲ್ಲ ನೀವು, ನನಗೆ ಗೊತ್ತಿಲ್ವಾ? ಹತ್ತಿರ ಬನ್ನಿ. ಜೋರಾಗಿ ಹೇಳೋ ಕತೆ ಅಲ್ಲ ಇದು... ಕತೆನೇ ಅಲ್ಲ. ನಮ್ಮ ದೊಡ್ಡಮ್ಮನ ಮಗನಿಗೆ ಆದದ್ದು. ಟೇಪಣ್ಣ ಅಂತ ಕರೀತೀವಲ್ಲ, ಅವನಿಗೇ.

ಅವತ್ತು ಅವನು ಅಂಗಡಿ ಬಾಗಿಲು ಎಳೆದಾಗ ಹನ್ನೊಂದು ದಾಟಿತ್ತು. ಮನೆಗೆ ಬರೋಕೆ ಎರಡು ದಾರಿ. ದೊಡ್ಡ ರಸ್ತೆ ಸುತ್ತು, ಬಾವಿ ಪಕ್ಕದ ಓಣಿ ಹತ್ತಿರ. ಮೂರು ತಿಂಗಳಿಂದ ಅವನು ಸುತ್ತು ಹಾಕ್ಕೊಂಡೇ ಬರ್ತಿದ್ದ. ಯಾಕೆ ಅಂತ ಹೇಳ್ತೀನಿ, ತಾಳಿ. ಅವತ್ತು ದೊಡ್ಡ ರಸ್ತೆ ಪೂರ್ತಿ ಅಗೆದು ಹಾಕಿದ್ರು. ಬೇರೆ ಗತಿ ಇಲ್ಲದೆ ಓಣಿಗೆ ಇಳಿದ.

ಗಾಳಿ ಇಲ್ಲ. ನಾಯಿ ಕೂಡ ಬೊಗಳ್ತಿಲ್ಲ. ಅವನ ಚಪ್ಪಲಿ ಸದ್ದು ಮಾತ್ರ... ಪಟ್... ಪಟ್... ಪಟ್. ಬಾವಿ ಕಟ್ಟೆ ಬಂತು. ಅದರ ಎದುರಿಗೇ ಹೊಲಿಗೆ ಅಜ್ಜಿ ಮನೆ. ಬಾಗಿಲಿಗೆ ಬೀಗ. ಅಜ್ಜಿ ತೀರಿಹೋಗಿ ಆಗಲೇ ಎಂಟು ದಿನ ಆಗಿತ್ತು.

ಒಳಗಿಂದ ಹೊಲಿಗೆ ಮೆಷಿನ್ ಸದ್ದು ಬಂತು.

ಟಕಟಕಟಕಟಕ... ನಿಂತಿತು. ಬಟ್ಟೆ ತಿರುಗಿಸೋಕೆ ನಿಲ್ಲಿಸ್ತಾರಲ್ಲ, ಹಾಗೆ. ಮತ್ತೆ... ಟಕಟಕಟಕ. ಆಮೇಲೆ ಕತ್ತರಿ. ಕಿರ್ಚ್. ದಾರ ಕತ್ತರಿಸಿದ್ದು. ಇವನು ಅಲ್ಲೇ ನಿಂತ. ಮುಚ್ಚಿದ ಕಿಟಕಿ ಹಿಂದಿನಿಂದ, ತೀರಾ ಮೆಲ್ಲಗೆ...

"ಒಂದು ಮಾತೂ ಬರಲಿಲ್ವಾ ಮಗಾ?"

ಆ ಪ್ರಶ್ನೆ ಅವನಿಗೆ ಹೊಸದಲ್ಲ. ಮೂರು ತಿಂಗಳ ಹಿಂದೆ ಅಂಗಡೀಲಿ ಕೂತು ಅಜ್ಜಿ ಅದನ್ನೇ ಕೇಳಿದ್ರು. ಅವನು ಸುಳ್ಳು ಹೇಳಿದ್ದ.

ಈಗ ಹಿಂದಿನದು ಕೇಳಿ. ಟೇಪಣ್ಣನ ಕೆಲಸ ಹಳೇ ಕ್ಯಾಸೆಟ್‌ಗಳನ್ನ ಕಂಪ್ಯೂಟರ್‌ಗೆ ಇಳಿಸೋದು. ಒಂದು ದಿನ ಹೊಲಿಗೆ ಅಜ್ಜಿ ಬಿಸ್ಕೆಟ್ ಡಬ್ಬಿ ಹಿಡ್ಕೊಂಡು ಬಂದ್ರು. ಒಳಗೆ ಹನ್ನೆರಡು ಕ್ಯಾಸೆಟ್. ಅವರ ಗಂಡ ಹಡಗಿನಲ್ಲಿ ಇಂಜಿನ್ ಮೆಕ್ಯಾನಿಕ್ ಆಗಿದ್ರಂತೆ. ಅಜ್ಜಿಗೆ ಓದೋಕೆ ಬರ್ತಿರಲಿಲ್ಲ. ಕಾಗದ ಬರೆದ್ರೆ ಊರವರ ಹತ್ರ ಓದಿಸಬೇಕು, ಗಂಡ ಹೆಂಡತಿ ಮಾತು ಓಣಿಯೆಲ್ಲಾ ಕೇಳತ್ತೆ. ಅದಕ್ಕೆ ಅವರು ಮಾತಾಡಿ, ಕ್ಯಾಸೆಟ್‌ನಲ್ಲಿ ತುಂಬಿ ಕಳಿಸ್ತಿದ್ರು. ಹನ್ನೆರಡನೇದು ಬಂದಮೇಲೆ ಏನೂ ಬರಲಿಲ್ಲ. ಹಡಗೂ ಇಲ್ಲ, ಅವರೂ ಇಲ್ಲ.

ಕ್ಯಾಸೆಟ್‌ಗೆಲ್ಲಾ ಬೂಷ್ಟು ಹಿಡಿದಿತ್ತು. ಟೇಪಣ್ಣ ಒಂದನ್ನ ಬಿಚ್ಚಿ ನೋಡಿ ಹೇಳಿದ, "ಅಜ್ಜಿ, ಇದು ಒಂದೇ ಸಲ ಓಡತ್ತೆ. ಆಮೇಲೆ ಪುಡಿ ಉದುರಿ ಹೋಗತ್ತೆ."

"ಒಂದೇ ಸಲ ಸಾಕಪ್ಪ," ಅಂದ್ರಂತೆ ಅಜ್ಜಿ. "ನೀನು ಗಟ್ಟಿಯಾಗಿ ಹಿಡ್ಕೊಂಡುಬಿಡು."

ಹಿಡ್ಕೊಂಡ. ಸುಳ್ಳು ಹೇಳಬಾರದು, ಕೆಲಸದಲ್ಲಿ ಅವನದು ಒಳ್ಳೇ ಕೈ. ಹತ್ತಿಯಲ್ಲಿ ಒರೆಸಿ ಒರೆಸಿ, ಮೊದಲನೇ ದಿನ ಆರು, ಮಾರನೇ ದಿನ ಆರು ಇಳಿಸಿದ. ಒಂದೊಂದೂ ಎಷ್ಟು ನಿಮಿಷ, ಎಷ್ಟು ಸೆಕೆಂಡು ಅಂತ ನೋಟ್‌ಬುಕ್‌ನಲ್ಲಿ ಬರೆದಿಟ್ಟ. ಪ್ರತಿ ಕ್ಯಾಸೆಟ್ ಕೊನೆಗೂ ಆ ಮನುಷ್ಯ ಒಂದು ಮಾತು ಹೇಳ್ತಿದ್ರಂತೆ... "ಇನ್ನು ಸ್ವಲ್ಪ ಖಾಲಿ ಬಿಡ್ತೀನಿ ಕಣೇ. ಅದು ನಿನ್ನ ಜಾಗ. ನೀನೂ ಏನಾದ್ರೂ ಹೇಳು." ಆಮೇಲೆ ಬರೀ ಸ್ಸ್‌ಸ್ಸ್‌ಸ್ಸ್... ಕೊನೆಗೆ ಟಕ್ ಅಂತ ಗುಂಡಿ ಎದ್ದ ಸದ್ದು. ಕೊನೇಲಿ ಖಾಲಿ ಓಡೋದನ್ನ ಕತ್ತರಿಸೋದು ಟೇಪಣ್ಣನ ರೂಢಿ. ಇದನ್ನ ಕತ್ತರಿಸೋಕೆ ಅವನಿಗೆ ಮನಸ್ಸು ಬರಲಿಲ್ಲ.

ಎಡವಟ್ಟಾಗಿದ್ದು ಬೇರೆ ಕಡೆ. ಇವನ ಹೆಬ್ಬೆರಳಿಗೆ ಸುಮ್ಮನಿರೋಕೆ ಬರಲ್ಲ. ಪದ ಟೈಪ್ ಮಾಡಿದ್ರೆ ಎಷ್ಟೋ ಸಲ ಹಿಂದೇನೇ ಸ್ಪೇಸ್ ಒತ್ತತ್ತೆ. ಮೊದಲನೇ ದಿನದ ಫೋಲ್ಡರ್‌ಗೆ 'ಅಜ್ಜಿ' ಅಂತ ಹೆಸರಿಟ್ಟಿದ್ದ. ಎರಡನೇ ದಿನ ಅದು ಇರೋದೇ ಮರೆತು ಇನ್ನೊಂದು ಮಾಡಿದ. ಅದೂ 'ಅಜ್ಜಿ'ನೇ, ಆದರೆ ಕೊನೆಗೆ ಒಂದು ಸ್ಪೇಸ್ ಬಿದ್ದುಹೋಗಿತ್ತು. ಇಳಿಸೋ ಕಂಪ್ಯೂಟರ್ ಹಳೇದು, ಅದರಲ್ಲಿ ಲಿನಕ್ಸ್. ಅದು ಕೊಟ್ಟ ಹೆಸರನ್ನ ಕೊಟ್ಟ ಹಾಗೇ ಇಟ್ಕೊಳ್ಳತ್ತೆ. ಕೊನೇಲಿ ಖಾಲಿ ಜಾಗ ಇದ್ರೆ ಅದೂ ಹೆಸರೇ. ಎರಡೂ ಬೇರೆ ಬೇರೆ ಫೋಲ್ಡರ್ ಆಗಿ ಡಿಸ್ಕ್‌ನಲ್ಲಿ ಕೂತವು.

ಆ ಡಿಸ್ಕ್ ತಂದು ಮುಂದಿನ ಮೇಜಿನ ಹೊಸ ಕಂಪ್ಯೂಟರ್‌ಗೆ ಚುಚ್ಚಿದ. ಅದರಲ್ಲಿ ವಿಂಡೋಸ್. ಅದು ಹೆಸರಿನ ಕೊನೇ ಖಾಲಿ ಜಾಗಕ್ಕೆ ಬೆಲೆ ಕೊಡಲ್ಲ, ಬಿಟ್ಟು ಓದತ್ತೆ. ಪರದೆ ಮೇಲೆ ಎರಡು 'ಅಜ್ಜಿ' ಕಾಣಿಸ್ತು. ಒಂದನ್ನ ತೆರೆದ, ಆರು ಟೇಪ್. ಇನ್ನೊಂದನ್ನ ತೆರೆದ, ಅದೇ ಆರು ಟೇಪ್. ಎರಡು ಬಾಗಿಲಲ್ಲಿ ಯಾವುದನ್ನ ತಟ್ಟಿದ್ರೂ ಒಂದೇ ಮನೆಯವರು ಬಂದು ತೆಗೆದ ಹಾಗೆ. ಹನ್ನೆರಡು ಇರಬೇಕಿತ್ತಲ್ಲ ಅಂತ ಯೋಚಿಸಬೇಕಿತ್ತು ಪುಣ್ಯಾತ್ಮ. ಯೋಚಿಸಲಿಲ್ಲ. ಯಾರದೋ ಮದುವೆ ವಿಡಿಯೋದವರು ಎದುರಿಗೆ ಕೂತು ಜೀವ ತಿಂತಿದ್ರು. 'ಒಂದೇ ಎರಡು ಸಲ ಸೇರಿದೆ' ಅಂದ್ಕೊಂಡು ಒಂದನ್ನ ಪೂರ್ತಿ ಅಳಿಸಿದ. ಅದೇ ಡಿಸ್ಕ್‌ಗೆ ಮದುವೆ ವಿಡಿಯೋ ತುಂಬಿದ.

ಮಾರನೇ ದಿನ ಉಳಿದ 'ಅಜ್ಜಿ'ಯನ್ನ ಒತ್ತಿದ್ರೆ... ಅಂಥದ್ದು ಇಲ್ಲವೇ ಇಲ್ಲ ಅಂತು ಕಂಪ್ಯೂಟರ್. ಕಣ್ಣೆದುರಿಗೇ ಇದೆ. ತೆರೆಯಲ್ಲ. ಅಳಿಸೋಕೂ ಆಗಲ್ಲ. ಇತ್ತ ಕ್ಯಾಸೆಟ್‌ಗಳೆಲ್ಲಾ ಪುಡಿ.

ಅಷ್ಟೊತ್ತಿಗೆ ಅಜ್ಜಿ ಬಂದೇಬಿಟ್ರು. ತಲೆ ಬಾಚಿ, ಒಳ್ಳೇ ಸೀರೆ ಉಟ್ಟು. ಗಂಡನ ದನಿ ಕೇಳೋಕೆ ಬಂದಿದ್ದಲ್ವಾ.

"ಬೂಷ್ಟು ತುಂಬಾ ಹಿಡಿದಿತ್ತು ಅಜ್ಜಿ. ಏನೂ ಬರಲಿಲ್ಲ," ಅಂದುಬಿಟ್ಟ.

"ಒಂದು ಮಾತೂ ಬರಲಿಲ್ವಾ ಮಗಾ?"

"ಇಲ್ಲ ಅಜ್ಜಿ."

ಅಜ್ಜಿ ಅಳಲಿಲ್ಲ, ಬೈಯಲಿಲ್ಲ. ಖಾಲಿ ಡಬ್ಬಿ ತಗೊಂಡು ಎದ್ದು, ಇವನ ಬೆನ್ನು ಸವರಿದ್ರಂತೆ. "ನೀನೇನು ಮಾಡ್ತೀಯಪ್ಪ. ನೀರಿನ ಹಂಡೆ ಪಕ್ಕದಲ್ಲಿ ಇಟ್ಟಿದ್ದೆ ನಾನು. ನಾನೇ ಕೆಡಿಸಿದೆ ಅವರ ಮಾತನ್ನ." ಅಷ್ಟು ಹೇಳಿ ಹೋದ್ರು.

ಇದನ್ನ ನನಗೆ ಹೇಳುವಾಗ ಟೇಪಣ್ಣ ಬೆನ್ನು ಮುಟ್ಟಿ ಮುಟ್ಟಿ ನೋಡ್ಕೋತಿದ್ದ. ಅಜ್ಜಿ ಬೈದಿದ್ರೆ ಒಳ್ಳೇದಿತ್ತು ಕಣೇ ಅಂದ.

ಒಂದು ವಾರದಲ್ಲಿ ಅವನಿಗೆ ವಿಷಯ ಹೊಳೀತು. ಅಳಿಸಿದ್ದು ಮೊದಲನೇ ದಿನದ ಆರು; ಉಳಿದ ಫೋಲ್ಡರ್ ಹೆಸರಿನ ಕೊನೇಲಿ ಸ್ಪೇಸ್ ಇರೋದ್ರಿಂದ ಹೊಸ ಕಂಪ್ಯೂಟರ್‌ಗೆ ಅದು ಸಿಗ್ತಿಲ್ಲ. ಡಿಸ್ಕನ್ನ ಹಳೇ ಕಂಪ್ಯೂಟರ್‌ಗೆ ಚುಚ್ಚಿದ್ರೆ ಆ ಫೋಲ್ಡರ್ ತೆರೆಯತ್ತೆ, ಆರು ಟೇಪ್ ಆದ್ರೂ ಸಿಗತ್ತೆ. ಗೊತ್ತಾಯ್ತು... ಆದ್ರೂ ಚುಚ್ಚಲಿಲ್ಲ. ಯಾಕಂದ್ರೆ ಆರು ತಂದು ಕೊಟ್ರೆ ಉಳಿದ ಆರು ಎಲ್ಲಿ ಅಂತ ಅಜ್ಜಿ ಕೇಳ್ತಾರೆ. ನಾನೇ ಅಳಿಸಿದೆ, ಆಮೇಲೆ ನಿಮ್ಮ ಮುಖ ನೋಡ್ಕೊಂಡೇ ಸುಳ್ಳು ಹೇಳಿದೆ ಅನ್ನಬೇಕಾಗತ್ತೆ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂತ ದೊಡ್ಡ ರಸ್ತೆ ಸುತ್ತಾಡಿದ. ಮೂರು ತಿಂಗಳು. ಅಷ್ಟರಲ್ಲಿ ಅಜ್ಜಿ ಹೋಗೇಬಿಟ್ರು, ಗಂಡನ ಮಾತು ತಾನೇ ಕೆಡಿಸಿದೆ ಅಂದ್ಕೊಂಡೇ.

ಹೂಂ... ಈಗ ಮತ್ತೆ ಆ ಕಿಟಕಿ ಹತ್ರ ಬನ್ನಿ.

"ಒಂದು ಮಾತೂ ಬರಲಿಲ್ವಾ ಮಗಾ?"

ಟೇಪಣ್ಣ ಓಡಿದ. ಮನೆಗಲ್ಲ, ಅಂಗಡಿಗೆ. ಬೀಗ ತೆಗೆದ. ಮೂಲೆಯ ಹಳೇ ಕಂಪ್ಯೂಟರ್ ಹಾಕಿದ. ಗುರ್‌ರ್ ಅಂತು. ಡಿಸ್ಕ್ ಚುಚ್ಚಿದ. 'ಅಜ್ಜಿ'. ಒತ್ತಿದ. ತೆರೆಯಿತು. ಆರು ಟೇಪ್, ಒಂದೂ ಕೆಟ್ಟಿರಲಿಲ್ಲ. ಆರನ್ನೂ ಫೋನಿಗೆ ಹಾಕ್ಕೊಂಡು ವಾಪಸ್ ಓಣಿಗೆ ಬಂದ. ನನಗಾದ್ರೆ ಸತ್ರೂ ಆಗ್ತಿರಲಿಲ್ಲ. ಅವನಿಗೆ ದೆವ್ವದ ಭಯಕ್ಕಿಂತ ತಾನು ಮಾಡಿದ್ದರ ಭಾರ ಜಾಸ್ತಿ ಇತ್ತು.

ಬಾವಿ ಕಟ್ಟೆ ಮೇಲೆ ಕೂತ. ಕಿಟಕಿ ಕಡೆ ತಿರುಗಿ, ಪಿಸುಮಾತಿನಲ್ಲೇ ಹೇಳಿದ.

"ಅಜ್ಜಿ... ಟೇಪ್ ಚೆನ್ನಾಗೇ ಇತ್ತು. ಹನ್ನೆರಡೂ ಬಂದಿತ್ತು. ಆರನ್ನ ನಾನೇ ಅಳಿಸಿದೆ. ಇನ್ನಾರು ಇಟ್ಕೊಂಡೂ ಕೊಡಲಿಲ್ಲ. ನಿಮ್ಮದೇನೂ ತಪ್ಪಿಲ್ಲ."

ಟಕಟಕಟಕ... ನಿಂತುಹೋಯ್ತು.

ಫೋನನ್ನ ಕಟ್ಟೆ ಮೇಲಿಟ್ಟು ಹಚ್ಚಿದ. ಆ ಮನುಷ್ಯನ ದನಿ ಓಣಿಯಲ್ಲಿ ಶುರುವಾಯ್ತು... ಕೆಮ್ಮು, ನಗು, ಇಂಜಿನ್ ರೂಮಿನ ಸೆಕೆ, ನಿನ್ನ ಬೆರಳಿಗೆ ಸೂಜಿ ಚುಚ್ಚಿದ್ದು ವಾಸಿ ಆಯ್ತಾ ಅನ್ನೋ ವಿಚಾರಣೆ. ಒಂದಾದಮೇಲೆ ಒಂದು, ಹೆಚ್ಚುಕಮ್ಮಿ ಮೂರು ಗಂಟೆ. ಮೆಷಿನ್ ಮತ್ತೆ ಓಡಲಿಲ್ಲ. ಆರನೇದರ ಕೊನೆ ಬಂತು. "...ಅದು ನಿನ್ನ ಜಾಗ. ನೀನೂ ಏನಾದ್ರೂ ಹೇಳು." ಸ್ಸ್‌ಸ್ಸ್‌ಸ್ಸ್... ಟಕ್. ಅಷ್ಟೇ. ಕಿಟಕಿಯಿಂದ ಯಾವ ದನಿಯೂ ಬರಲಿಲ್ಲ. ಟೇಪಣ್ಣ ಫೋನ್ ಎತ್ಕೊಂಡು ಎದ್ದ.

ಬೆಳಗಾಗುವಾಗ ನಮ್ಮ ಮನೆ ಬಾಗಿಲು ಬಡಿದ. ನಾನೇ ತೆಗೆದಿದ್ದು. ಎಲ್ಲಾ ಹೇಳಿದ, ಅತ್ತ. ನಾನು ನಂಬಲಿಲ್ಲ. ಎಲ್ಲಿ ಕೊಡು ನೋಡೋಣ ಅಂತ ಫೋನ್ ಕಿತ್ಕೊಂಡು ಆರನೇದನ್ನೇ ಕೊನೆಯಿಂದ ಹಚ್ಚಿದೆ.

"...ನೀನೂ ಏನಾದ್ರೂ ಹೇಳು."

ಸ್ಸ್‌ಸ್ಸ್‌ಸ್ಸ್... ಆಮೇಲೆ ಕತ್ತರಿ ಕೆಳಗಿಟ್ಟ ಸದ್ದು. ಆಮೇಲೆ ಒಂದು ಹೆಂಗಸಿನ ದನಿ. ಮೆಲ್ಲಗೆ, ನಾಚಿಕೊಂಡ ಹಾಗೆ...

"ಟೇಪ್ ಕೆಡಿಸಿದ್ದು ನಾನಲ್ಲವಂತೆ ರೀ."

ಟಕ್.

ಟೇಪಣ್ಣ ಮುಖ ಮುಚ್ಕೊಂಡ. ಆ ಮಾತಿನಲ್ಲಿ ಅವನ ಮೇಲೆ ಒಂದು ದೂರೂ ಇರಲಿಲ್ಲ ನೋಡಿ, ಅದಕ್ಕೇ. ಇವತ್ತಿಗೂ ಅವನು ಆ ಓಣಿಯಲ್ಲೇ ಬರ್ತಾನೆ, ಸುತ್ತು ಹಾಕಲ್ಲ.

ನಗಬೇಡಿ. ನಾನು ಕಿವಿಯಾರೆ ಕೇಳಿದ್ದೀನಿ. ಬೇಕಿದ್ರೆ ನಾಳೆ ಅಂಗಡಿಗೆ ಹೋಗಿ ಅವನ ನೋಟ್‌ಬುಕ್ ತೆಗೆಸಿ ನೋಡಿ. ಆ ಕೊನೇ ಟೇಪ್, ಅಂದ್ರೆ ಹನ್ನೆರಡನೇದರ ಎದುರಿಗೆ ಇಪ್ಪತ್ತೆಂಟು ನಿಮಿಷ ಹತ್ತು ಸೆಕೆಂಡು ಅಂತ ಅವನ ಕೈಯಲ್ಲೇ ಬರೆದಿದೆ. ಈಗ ಓಡಿಸಿದ್ರೆ ಇಪ್ಪತ್ತೆಂಟು ನಿಮಿಷ ಹದಿನೇಳು ಸೆಕೆಂಡು ಬರತ್ತೆ.