ಇಪ್ಪತ್ತಾರನೇ ಸಾಲು

ನಗುವವರು ಈಗಲೇ ನಕ್ಕು ಮುಗಿಸಿಬಿಡಿ. ಆಮೇಲೆ ನಡುವೆ ಬಾಯಿ ಹಾಕಿದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ. ಇದು ಯಾರೋ ಎಲ್ಲೋ ಕೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಎರಡನೇ ಮಗಳಿಗೆ ಆದದ್ದು. ನಾವೆಲ್ಲ ಅವಳನ್ನು ಚಿಕ್ಕಕ್ಕ ಅನ್ನುತ್ತೇವೆ. ಸುಳ್ಳು ಹೇಳುವ ಹೆಂಗಸಲ್ಲ. ಹೇಳಲು ಬರುವುದೂ ಇಲ್ಲ ಅವಳಿಗೆ, ಹೇಳಿದರೆ ಕಿವಿ ಕೆಂಪಾಗಿ ಸಿಕ್ಕಿಬೀಳುತ್ತಾಳೆ.

ಅವತ್ತು ರಾತ್ರಿ ಹತ್ತೂವರೆ ಇರಬೇಕು. ಚಿಕ್ಕಕ್ಕ ಕಂಪ್ಯೂಟರ್ ರಿಪೇರಿಯ ಅಂಗಡಿಯಿಂದ ಮನೆಗೆ ನಡೆದು ಬರುತ್ತಿದ್ದಳು. ಒಬ್ಬಳೇ. ದಾರಿಯಲ್ಲಿ ಒಂದು ಹಳೇ ಬಾವಿ, ಮೇಲೆ ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ್ದಾರೆ. ಗಾಳಿ ಬೀಸಿದಾಗ ಜಾಲರಿಯ ಸಡಿಲ ಮೂಲೆ ಕಟ್ಟೆಗೆ ಬಡಿಯುತ್ತದೆ. ಕಿಣ್... ಸ್ವಲ್ಪ ಹೊತ್ತು ಬಿಟ್ಟು... ಕಿಣ್. ಅವತ್ತು ಗಾಳಿ ಇರಲಿಲ್ಲ. ಆದರೂ ಜಾಲರಿ ಬಡಿಯಿತು, ಒಂದೇ ಒಂದು ಸಲ. ಚಿಕ್ಕಕ್ಕ ನಿಂತಳು. ಎರಡನೇ ಸಲಕ್ಕೆ ಕಾದಳು... ಬರಲಿಲ್ಲ.

ಅವಳು ಹಾಗೆ ಕಾದದ್ದಕ್ಕೆ ಕಾರಣ ಇದೆ. ಚಿಕ್ಕಂದಿನಲ್ಲಿ ಅಜ್ಜಿ ಹೇಳುತ್ತಿದ್ದ ಮಾತು: ರಾತ್ರಿ ಹೊತ್ತು ಯಾರಾದರೂ ಹೆಸರು ಹಿಡಿದು ಕೂಗಿದರೆ ಮೊದಲನೇ ಕೂಗಿಗೇ ಓ ಅನ್ನಬಾರದು. ಮನುಷ್ಯರಾದರೆ ಎರಡು ಸಲ, ಮೂರು ಸಲ ಕೂಗುತ್ತಾರೆ. ಅದು ಕೂಗುವುದು ಒಂದೇ ಸಲ. ಅಜ್ಜಿಯ ಮಾತನ್ನು ಚಿಕ್ಕಕ್ಕ ಮರೆತುಬಿಡುತ್ತಿದ್ದಳೇನೋ. ಅವಳ ಅಕ್ಕ ಮರೆಯಲು ಬಿಡಲಿಲ್ಲ. ನಾವು ದೊಡ್ಡಕ್ಕ ಅನ್ನುತ್ತಿದ್ದದ್ದು ಆ ಅಕ್ಕನನ್ನು. ಒಂದು ರಾತ್ರಿ ಇಬ್ಬರೂ ಒಂದೇ ಹೊದಿಕೆಯೊಳಗೆ ಮಲಗಿದ್ದಾಗ ಹೊರಗೆ ಯಾರೋ ಕೂಗಿದರಂತೆ. ಚಿಕ್ಕಕ್ಕ ಓ ಅನ್ನಲು ಬಾಯಿ ತೆರೆದಳು. ದೊಡ್ಡಕ್ಕ ಅಂಗೈಯಿಂದ ಬಾಯಿ ಮುಚ್ಚಿದಳು.

"ತಾಳೇ... ಒಂದೇ ಸಲ ಕೂಗಿದ್ದು."

ಇಬ್ಬರೂ ಉಸಿರು ಬಿಗಿಹಿಡಿದು ಕಾದರು. ಇನ್ನೊಂದು ಕೂಗು ಬರಲಿಲ್ಲ. ಆ ಅಂಗೈಯ ಬಿಸಿ ಚಿಕ್ಕಕ್ಕನ ತುಟಿಗೆ ಇವತ್ತಿಗೂ ನೆನಪಿದೆ.

ದೊಡ್ಡವರಾದ ಮೇಲೆ ಅಕ್ಕ ತಂಗಿ ಸೇರಿ ಕಿವಿ ಪರೀಕ್ಷೆಯ ಕ್ಲಿನಿಕ್ ನಡೆಸಿದರು. ಎರಡೇ ಕೋಣೆ. ಒಳಗಿನ ಕೋಣೆಯಲ್ಲಿ ಹೊರಗಿನ ಶಬ್ದ ತಾಗದ ಒಂದು ಗೂಡು, ಅದಕ್ಕೊಂದು ಗಾಜಿನ ಕಿಟಕಿ. ಬಂದವರನ್ನು ಗೂಡಿನೊಳಗೆ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಪದಗಳನ್ನು ಕೇಳಿಸುತ್ತಾರೆ. ಕೇಳಿಸಿದ್ದನ್ನು ಅವರು ತಿರುಗಿ ಹೇಳಬೇಕು. ಇಪ್ಪತ್ತೈದು ಪದ. ಆ ಪದಗಳನ್ನು ಓದಿ ರೆಕಾರ್ಡ್ ಮಾಡಿದವಳು ದೊಡ್ಡಕ್ಕ. "ಹೇಳಿ... ಮನೆ." "ಹೇಳಿ... ಹಾಲು." ಒಂಬತ್ತನೇ ಪದಕ್ಕೆ ಮುಂಚೆ ಅವಳ ಕುರ್ಚಿ ಕಿರ್ ಅನ್ನುತ್ತದೆ. ಕೊನೆಯ ಪದ 'ದಾರಿ'. ಅದಾದ ಮೇಲೆ ಪೆನ್ನಿಗೆ ಮುಚ್ಚಳ ಹಾಕಿದ್ದು ಟಿಕ್ ಅಂತ ಕೇಳುತ್ತದೆ. ಅಲ್ಲಿಗೆ ಮುಗಿಯಿತು.

ಗಾಜಿನ ಈಚೆ ಕೂತವರು ಒಂದೊಂದು ಪದಕ್ಕೂ ಲ್ಯಾಪ್‌ಟಾಪಿನ ಹಾಳೆಯಲ್ಲಿ ಟೈಪ್ ಮಾಡುತ್ತಾ ಹೋಗಬೇಕು. ತಿರುಗಿ ಹೇಳಿದರೆ 'ಸರಿ'. ಹೇಳದಿದ್ದರೆ 'ಇಲ್ಲ'. ದೊಡ್ಡಕ್ಕ ಮಾತ್ರ ಯಾವತ್ತೂ 'ಇಲ್ಲ' ಬರೆದವಳಲ್ಲ. 'ಕಾಯೋಣ' ಅಂತ ಬರೆಯುತ್ತಿದ್ದಳು.

"ಇಲ್ಲ ಅಂದ್ರೆ ಮುಗೀತಲ್ಲೇ. ಕಾಯೋಣ ಅಂದ್ರೆ ಇನ್ನೊಂದು ಸಲ ಕೇಳಿಸಬಹುದು." ಅದು ಅವಳ ವಾದ. ಅವಳ ಜೊತೆ ವಾದಕ್ಕೆ ಇಳಿದು ಗೆದ್ದವರಿಲ್ಲ.

ಎಂಟು ತಿಂಗಳ ಹಿಂದೆ ದೊಡ್ಡಕ್ಕ ಹೋದಳು. ಹುಷಾರಿಲ್ಲ ಅಂತ ಮಲಗಿದ್ದು ಮೂರೇ ದಿನ. ಗಂಡ ಮಕ್ಕಳು ಅಂತ ಇಬ್ಬರಿಗೂ ಇರಲಿಲ್ಲ, ಒಬ್ಬಳಿಗೆ ಒಬ್ಬಳು ಅಂತ ಬದುಕಿದವರು. ಈಗ ಮನೆಯಲ್ಲಿ ಚಿಕ್ಕಕ್ಕನನ್ನು ಬೈಯಲೂ ಜನ ಇಲ್ಲ. ಬೀಗ ತೆಗೆದರೆ ಒಳಗಿನಿಂದ "ಬಂದ್ಯೇನೇ?" ಅನ್ನುವವರಿಲ್ಲ. ನಾವಿದ್ದೆವು ಅನ್ನಿ. ವರ್ಷಕ್ಕೊಮ್ಮೆ ಫೋನ್ ಮಾಡುವ ನಾವು ಇದ್ದರೆಷ್ಟು, ಬಿಟ್ಟರೆಷ್ಟು. ಆದರೆ ಕ್ಲಿನಿಕ್ಕಿನಲ್ಲಿ ಆ ದನಿ ಇತ್ತಲ್ಲ... ದಿನಾ ಬೆಳಿಗ್ಗೆ ಹೆಡ್‌ಫೋನ್ ಸರಿಯಿದೆಯಾ ಅಂತ ನೋಡುವ ನೆಪದಲ್ಲಿ ಚಿಕ್ಕಕ್ಕ ತಾನೇ ಗೂಡಿನಲ್ಲಿ ಕೂತು ಇಪ್ಪತ್ತೈದೂ ಪದ ಕೇಳುತ್ತಿದ್ದಳು. ಆ ದನಿ ಒಂದೇ ಅವಳಿಗೆ ಉಳಿದಿದ್ದದ್ದು.

ದನಿ ಇದ್ದದ್ದು ಮುಂದಿನ ಕೋಣೆಯ ಹಳೇ ಕಂಪ್ಯೂಟರಿನಲ್ಲಿ. ಒಳಗಿನ ಮೇಜಿನ ಲ್ಯಾಪ್‌ಟಾಪ್ ವೈಫೈ ಮೂಲಕ ಅದನ್ನು ಹಿಡಿದುಕೊಳ್ಳಬೇಕು. ಲ್ಯಾಪ್‌ಟಾಪಿನಲ್ಲಿ ಅದಕ್ಕೆ 'ಎಸ್' ಡ್ರೈವ್ ಅಂತ ಹೆಸರು. ಬೆಳಿಗ್ಗೆ ತಾನಾಗಿ ಸೇರಿಕೊಳ್ಳುತ್ತಿದ್ದದ್ದು ಒಂದು ದಿನ ತಕರಾರು ಶುರುಮಾಡಿತು. ನೆಟ್‌ವರ್ಕ್ ಡ್ರೈವ್ ಸೇರಿಸಲು ಆಗಲಿಲ್ಲ ಅಂತ ಮೂಲೆಯಲ್ಲೊಂದು ಸಂದೇಶ, ಎಸ್ ಮೇಲೆ ಕೆಂಪು ಗುರುತು.

ಚಿಕ್ಕಕ್ಕ ರಿಪೇರಿಯವನನ್ನು ಕರೆಸಿದಳು. ಉದ್ದಕ್ಕೆ ತೆಳ್ಳಗೆ ಇದ್ದಾನೆಂದು ಎಲ್ಲರೂ ಅವನನ್ನು ಕೇಬಲ್ ಅನ್ನುವುದು.

"ಏನೂ ಆಗಿಲ್ಲ ಅಕ್ಕ," ಅಂದ ಕೇಬಲ್. "ನಿಮ್ಮ ಲ್ಯಾಪ್‌ಟಾಪಿಗೆ ಅವಸರ ಜಾಸ್ತಿ. ವೈಫೈ ಕಣ್ಣು ಬಿಡೋ ಮುಂಚೆನೇ ಎದ್ದು ಆ ಕಂಪ್ಯೂಟರನ್ನ ಕೂಗುತ್ತೆ. ಆ ಕಡೆಯಿಂದ ಓ ಅನ್ನಲಿಲ್ಲ ಅಂದ್ರೆ ಕೆಂಪು ಗುರುತು ಹಾಕಿ ಸುಮ್ಮನೆ ಕೂತುಬಿಡುತ್ತೆ."

"ಎಷ್ಟು ಸಲ ಕೂಗುತ್ತೆ?"

"ಒಂದೇ ಸಲ."

"ನಮ್ಮಜ್ಜಿ ಇದ್ದಿದ್ರೆ ಇದನ್ನ ಹೊಸಿಲು ದಾಟಿಸ್ತಿರಲಿಲ್ಲ."

ಅವನಿಗೆ ಅರ್ಥವಾಗಲಿಲ್ಲ, ಆದರೂ ನಕ್ಕ. ಪಾಸ್‌ವರ್ಡನ್ನು ಹೊಸದಾಗಿ ಕೊಟ್ಟು ನೆನಪಿಟ್ಟುಕೊಳ್ಳುವ ಹಾಗೆ ಮಾಡಿದ. ಲ್ಯಾಪ್‌ಟಾಪ್ ಎದ್ದ ಮೇಲೆ ಅರ್ಧ ನಿಮಿಷ ಕಾದು, ಆಮೇಲೆ ಮೂರು ಸಲ ಕೂಗುವಂತೆ ಏನೋ ಬರೆದು ಹಾಕಿದ. ಒಂದು ತಿಂಗಳು ಕೆಂಪು ಗುರುತು ಕಾಣಲಿಲ್ಲ. "ಒಂದು ಪ್ರತಿ ಬೇರೆ ಕಡೆ ತೆಗೆದಿಡಿ ಅಕ್ಕ," ಅಂತ ಹೋಗುವಾಗ ಹೇಳಿಯೂ ಇದ್ದ. ನಾಳೆ ತೆಗೆದರಾಯಿತು ಅಂದಳು ಚಿಕ್ಕಕ್ಕ. ಕೆಟ್ಟ ಮೇಲೆ ಬುದ್ಧಿ ಬಂತು ಅನ್ನುತ್ತಾರಲ್ಲ, ಹಾಗೇ ಆಯಿತು.

ಒಂದು ಬೆಳಿಗ್ಗೆ ಹಳೇ ಕಂಪ್ಯೂಟರಿನ ಹೊಟ್ಟೆಯೊಳಗೆ ಸದ್ದು ಶುರುವಾಯಿತು. ಟಕ್... ಟಕ್... ಟಕ್... ಬೆರಳಿನ ಗೆಣ್ಣಿನಿಂದ ಒಳಗಿನಿಂದ ಯಾರೋ ತಟ್ಟಿದ ಹಾಗೆ. ಸಂಜೆಗೆ ಅದೂ ನಿಂತಿತು. ಕೇಬಲ್ ಬಂದು ಕಂಪ್ಯೂಟರನ್ನೇ ಹೊತ್ತುಕೊಂಡು ಹೋದ. ಎರಡು ದಿನ ಬಿಟ್ಟು ರಾತ್ರಿ ಅಂಗಡಿಗೆ ಬರಹೇಳಿ, ಬಿಚ್ಚಿ ತೋರಿಸಿದ.

"ಡಿಸ್ಕ್ ಸತ್ತಿದೆ ಅಕ್ಕ. ನನ್ನ ಕೈಲಿ ಆಗೋ ಕೆಲಸ ಅಲ್ಲ. ಲ್ಯಾಪ್‌ಟಾಪಲ್ಲಿ ಎಲ್ಲಾದ್ರೂ ಒಂದು ಪ್ರತಿ ತಾನಾಗೇ ಉಳ್ಕೊಂಡಿದ್ರೆ ನಿಮ್ಮ ಪುಣ್ಯ. ನಾಳೆ ಬಂದು ಹುಡುಕ್ತೀನಿ."

ಆ ರಾತ್ರಿಯೇ ಅವಳು ಬಾವಿಯ ಹತ್ತಿರ ನಿಂತದ್ದು. ನಾಳೆಯ ತನಕ ತಡೆಯಲು ಅವಳಿಂದ ಆಗಲಿಲ್ಲ. ಮನೆಯಲ್ಲಿ ತಾನೇ ಯಾರು ದಾರಿ ಕಾಯುತ್ತಿದ್ದರು? ಅಲ್ಲಿಂದಲೇ ತಿರುಗಿ ಕ್ಲಿನಿಕ್ಕಿಗೆ ಹೋದಳು.

ಬೀಗ ತೆಗೆದು ದೀಪ ಹಾಕಿದಳು. ಮುಂದಿನ ಕೋಣೆಯ ಮೇಜಿನ ಮೇಲೆ ಕಂಪ್ಯೂಟರ್ ಇದ್ದ ಜಾಗ ಮಾತ್ರ ಧೂಳಿಲ್ಲದೆ ಚೌಕವಾಗಿ ಕಾಣುತ್ತಿತ್ತು. ಕಿತ್ತಿಟ್ಟ ವೈರುಗಳು ನೆಲಕ್ಕೆ ಜೋತುಬಿದ್ದಿದ್ದವು. ಒಳಗೆ ಹೋಗಿ ಲ್ಯಾಪ್‌ಟಾಪ್ ಒತ್ತಿದಳು. ಫ್ಯಾನು ಸುಯ್ ಅಂದಿತು. ಕೆಂಪು ಗುರುತನ್ನು ನೋಡಲಾರದೆ ಕಣ್ಣು ಅರ್ಧ ಮುಚ್ಚಿಕೊಂಡೇ ನೋಡಿದಳು...

ಗುರುತು ಇರಲಿಲ್ಲ.

ಲ್ಯಾಪ್‌ಟಾಪ್ ಅರ್ಧ ನಿಮಿಷ ಕಾಯಲಿಲ್ಲ. ಮೂರು ಸಲ ಕೂಗಲಿಲ್ಲ. ಎಸ್ ಡ್ರೈವ್ ಆಗಲೇ ಸೇರಿಕೊಂಡಿತ್ತು. ಒಳಗೆ ದೊಡ್ಡಕ್ಕನ ಪದಗಳು ಇದ್ದವು.

ಕೇಬಲ್ ಹೇಳಿದ ಆ ಉಳಿದ ಪ್ರತಿ ಇದೇ ಇರಬೇಕು ಅಂದುಕೊಂಡಳು. ಅಂದುಕೊಳ್ಳದೆ ಏನು ಮಾಡುತ್ತಾಳೆ? ಒಂದು ಸಲ ಕೇಳಿಬಿಡೋಣ, ಆಮೇಲೆ ಬೇರೆ ಕಡೆ ತೆಗೆದಿಟ್ಟರಾಯಿತು... ಎರಡು ದಿನದಿಂದ ಆ ದನಿ ಕೇಳಿರಲಿಲ್ಲ ನೋಡಿ. ಗುಂಡಿ ಒತ್ತಿ ಗೂಡಿನೊಳಗೆ ಹೋದಳು. ಬಾಗಿಲು ಥಪ್ ಅಂತ ಕೂತಿತು. ಆ ಗೂಡಿನೊಳಗೆ ಎಷ್ಟು ಮೌನ ಎಂದರೆ ನಾವು ಎಂಜಲು ನುಂಗಿದ್ದು ನಮಗೇ ಜೋರಾಗಿ ಕೇಳುತ್ತದೆ. ಹೆಡ್‌ಫೋನ್ ಹಾಕಿಕೊಂಡಳು.

"ಹೇಳಿ... ಮನೆ."

"ಮನೆ," ಅಂದಳು ಪಿಸುದನಿಯಲ್ಲಿ.

"ಹೇಳಿ... ಹಾಲು."

"ಹಾಲು."

ಒಂಬತ್ತನೇ ಪದಕ್ಕೆ ಮುಂಚೆ ಕುರ್ಚಿ ಕಿರ್ ಅಂದಿತು. ಚಿಕ್ಕಕ್ಕ ಅಳುತ್ತಲೇ ನಕ್ಕಳು. ಅವಳು ಒಂದೊಂದು ಪದ ತಿರುಗಿ ಹೇಳಿದಾಗಲೂ ಗಾಜಿನ ಆಚೆ ಲ್ಯಾಪ್‌ಟಾಪಿನ ಬೆಳಕು ಖಾಲಿ ಕುರ್ಚಿಯ ಬೆನ್ನಿನ ಮೇಲೆ ಒಂಚೂರು ಅಲುಗುತ್ತಿತ್ತು. ಹಾಳೆ ಒಂದು ಸಾಲು ಕೆಳಗೆ ಸರಿದಾಗ ಹಾಗಾಗುತ್ತದೆ. ಸರಿಯಬೇಕಾದರೆ ಅಲ್ಲಿ ಯಾರಾದರೂ ಕೂತು ಟೈಪ್ ಮಾಡುತ್ತಿರಬೇಕು. ಅದು ಆಗ ಅವಳಿಗೆ ಹೊಳೆಯಲಿಲ್ಲ.

"ಹೇಳಿ... ದಾರಿ."

"ದಾರಿ."

ಟಿಕ್. ಪೆನ್ನಿನ ಮುಚ್ಚಳ.

ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಕಿವಿಯಲ್ಲಿ ಉಸಿರು ಎಳೆದುಕೊಂಡ ಸದ್ದು... ಆಮೇಲೆ, 'ಹೇಳಿ' ಅನ್ನದೆ, ಮೆಲ್ಲಗೆ...

"ಜೀರೂ..."

ಚಿಕ್ಕಂದಿನಲ್ಲಿ ಜೀರುಂಡೆಯ ಹಾಗೆ ರಾಗ ಎಳೆಯುತ್ತಿದ್ದಳೆಂದು ದೊಡ್ಡಕ್ಕ ಇಟ್ಟಿದ್ದ ಹೆಸರಂತೆ ಅದು. ಅವಳೊಬ್ಬಳೇ, ಯಾರೂ ಇಲ್ಲದಾಗ ಕರೆಯುತ್ತಿದ್ದದ್ದು. ನಮಗ್ಯಾರಿಗೂ ಗೊತ್ತೇ ಇರಲಿಲ್ಲ.

ಚಿಕ್ಕಕ್ಕ ಓ ಅನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ತುಟಿಯ ಮೇಲೆ ಆ ಅಂಗೈಯ ಬಿಸಿ ನೆನಪಾಯಿತು. ತಾಳೇ... ಒಂದೇ ಸಲ ಕೂಗಿದ್ದು. ತಾಳಿದಳು. ಇನ್ನೊಂದು ಸಲ ಕೂಗು ಅಕ್ಕ, ಇನ್ನೊಂದೇ ಒಂದು ಸಲ ಅಂತ ಮನಸ್ಸಿನಲ್ಲೇ ಬೇಡಿಕೊಂಡಳು. ತುಟಿ ಮಾತ್ರ ಬಿಚ್ಚಲಿಲ್ಲ. ಕಿವಿಯಲ್ಲಿ ಯಾರೋ ಉಸಿರಾಡುತ್ತಾ ಕಾಯುತ್ತಿದ್ದ ಸದ್ದು. ಎಷ್ಟು ಹೊತ್ತೋ. ಆಮೇಲೆ ಅದೂ ಇಲ್ಲ.

"ಓ," ಅಂದಳು ಕೊನೆಗೆ. "ಓ ಅಕ್ಕಾ... ಇಲ್ಲೇ ಇದ್ದೀನಿ ಕಣೇ."

ಹೊರಗೆ ಬಂದು ನೋಡಿದರೆ ಎಸ್ ಮೇಲೆ ಕೆಂಪು ಗುರುತು.

ಬೆಳಿಗ್ಗೆ ಕೇಬಲ್ ಬಂದಾಗ ಅವಳು ಅದೇ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಿದ್ದಳು. "ರಾತ್ರಿ ಸೇರ್ಕೊಂಡಿತ್ತು," ಅಂದಳು.

"ಯಾವುದಕ್ಕೆ ಅಕ್ಕ ಸೇರುತ್ತೆ? ಕಂಪ್ಯೂಟರ್ ನನ್ನ ಅಂಗಡೀಲಿದೆ. ಡಿಸ್ಕ್ ಇಲ್ಲಿದೆ, ನೋಡಿ," ಅಂತ ಜೇಬಿನಿಂದ ತೆಗೆದು ಅಂಗೈಯಲ್ಲಿಟ್ಟು ತೋರಿಸಿದ. ಲ್ಯಾಪ್‌ಟಾಪನ್ನು ಮೂಲೆ ಮೂಲೆ ಜಾಲಾಡಿದ. ದನಿಯ ಪ್ರತಿ ಎಲ್ಲೂ ಇರಲಿಲ್ಲ. ಒಂದು ಪರೀಕ್ಷೆಯ ಹಾಳೆ ಮಾತ್ರ ಸಿಕ್ಕಿತು, ಹಿಂದಿನ ರಾತ್ರಿ ಹನ್ನೊಂದು ಇಪ್ಪತ್ತಕ್ಕೆ ತುಂಬಿದ್ದು.

ಆಮೇಲಿಂದ ಚಿಕ್ಕಕ್ಕ ದಿನಾ ಬೆಳಿಗ್ಗೆ ಲ್ಯಾಪ್‌ಟಾಪ್ ಒತ್ತಿದ ಕೂಡಲೇ, ಕೆಂಪು ಗುರುತು ಬರುವ ಮುಂಚೆಯೇ, ಓ ಅನ್ನುತ್ತಾಳೆ. ಕಾಯುತ್ತಾ ಕೂತವರು ಮುಖ ಮುಖ ನೋಡಿಕೊಳ್ಳುತ್ತಾರೆ. ಗುರುತು ಬಂದೇ ಬರುತ್ತದೆ. ಆ ಡ್ರೈವನ್ನು ತೆಗೆದುಬಿಡಲಾ ಅಂತ ಕೇಬಲ್ ಎರಡು ಸಲ ಕೇಳಿದ. ಬೇಡ ಅಂದಳು.

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಆ ಹಾಳೆಯ ಪ್ರಿಂಟ್ ಅವಳ ಮೇಜಿನ ಡ್ರಾಯರಿನಲ್ಲಿದೆ, ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಆ ಹಾಳೆಗೆ ಇರುವುದೇ ಇಪ್ಪತ್ತೈದು ಸಾಲು, ಇನ್ನೊಂದು ಸೇರಿಸುತ್ತೇನೆಂದರೂ ಅದು ಬಿಡುವುದಿಲ್ಲ ಅಂತ ಕೇಬಲ್ ಆಣೆ ಮಾಡಿ ಹೇಳುತ್ತಾನೆ. ಇಪ್ಪತ್ತೈದೂ ಪದಗಳ ಮುಂದೆ 'ಸರಿ' ಅಂತ ಇದೆ. ಅದರ ಕೆಳಗೆ ಇನ್ನೊಂದು ಸಾಲು. ಪದ: ಜೀರು. ಉತ್ತರ: ಕಾಯೋಣ.