ಕಾಶಿ ಗಿಂಡಿಯ ನೀರು

ಅಲ್ಲ ಬೇ ಯವ್ವಾ, ಮತ್ತ ದೇವರ ಜಗಲಿ ಕಡೇನ ನೋಡಾಕತ್ತೀಯಲ್ಲ! ಇತ್ತಾಗ ನೋಡು, ಕಿಡಕ್ಯಾಗ... ಹಿತ್ತಲದಾಗ. ಉಗಿ ಏರಾಕತ್ತೈತಿ, ಈಗ ಹೊಂಡತೈತಿ ನನ್ನ ಸಣ್ಣ ರೈಲು.

ಹಾಂ... ಹೊಂಟ್ತು! ನೋಡಿದೇನು? ನುಗ್ಗಿಗಿಡದ ಬುಡಕ್ಕ ತಿರುಗಿ, ಬಾವಿಕಟ್ಟಿ ಸುತ್ತು ಹಾಕಿ, ಮತ್ತ ಇಲ್ಲೇ ಬರತೈತಿ. ಎಲ್ಲಿಗೂ ಹೋಗೂದಿಲ್ಲ. ನನ್ನಂಗ! ...ಯಾಕ ಮಾರಿ ತಿರುವಿದಿ? ಚ್ಯಾಷ್ಟಿಗಂದೆ ಬೇ.

ಇಲ್ಲ, ಚ್ಯಾಷ್ಟಿ ಅಲ್ಲ. ಖರೇನ ಅಂದೆ. ಐವತ್ತೆಂಟನೇ ಇಸ್ವಿದಾಗ ಹುಬ್ಬಳ್ಳ್ಯಾಗ ಇಂಜಿನ್ನಿಗೆ ಇದ್ದಲಿ ಹಾಕೋ ನೌಕರಿ ಸಿಕ್ಕಿತ್ತು ನನಗ. ನೀ ಏನಂದಿ? "ಕಲ್ಲಣ್ಣಾ, ನೀ ಹೋದ್ರ ಮಗ್ಗದಾಗ ಯಾರು ಕುಂಡ್ರೂದು?" ಅಂದಿ. ಮುಗೀತು! ಇಪ್ಪತ್ತೆರಡು ವರ್ಷ ಆತು, ಮಗ್ಗದ ಕುಣ್ಯಾಗ ಕಾಲಿಟ್ಟಾಂವ ಮ್ಯಾಲ ಎದ್ದಿಲ್ಲ ನಾ. ಸ್ಟೇಶನ್ನಿನ ಕಡಿಯಿಂದ ಸೀಟಿ ಕೇಳಿದ್ರ ಲಾಳಿ ಕೈಯಾಗ ನಿಂತಬಿಡತಿತ್ತು. ಅದಕ್ಕ ಈ ರೈಲು ಮಾಡಿದೆ. ...ಅಳಬ್ಯಾಡ. ಸಿಟ್ಟಿತ್ತು, ಹೇಳಿದೆ, ಆತು.

ಮತ್ತ ಜಗಲಿ! ನಾಲಿಗಿ ಬಿದ್ದರೂ ಕಣ್ಣಾಗ ಏನು ಜೋರು ಬೇ ನಿನ್ನದು! ತಿಳೀತು. ಕಾಶಿ ಗಿಂಡಿ. ಅಪ್ಪ ಕಾಶಿಯಿಂದ ಹೊತ್ತು ತಂದದ್ದು, ನಿನ್ನ ಕಡೀಗಾಲಕ್ಕ ಬಾಯಿಗೆ ಹಾಕಿದ ಬೆಸಿಗಿ ಬಿಚ್ಚಬೇಕಂತ ಕೆಂಪು ಅರಿವ್ಯಾಗ ಸುತ್ತಿಟ್ಟಿದ್ದು. ಅದರಾಗಿನ ಗಂಗಾ ಬೇಕು. ಡಾಕ್ಟರು ಇವತ್ತೋ ನಾಳಿಗೋ ಅಂದದ್ದು ಕೇಳಿಸ್ಕೊಂಡಿಯಲ್ಲ... ಚಂದ್ರವ್ವ ಬರಲಿ ತಡಿ, ಮೂರರ ಲಕ್ಷ್ಮೇಶ್ವರ ಬಸ್ಸಿಗೆ ಬರತಾಳ. ಮಗಳ ಕೈಲೇ ಕುಡಿಯಂತಿ. ...ಈಗೇ ಬೇಕಾ? ಕೈ ಬಿಡು ಯವ್ವಾ. ತರತೇನಿ, ಬಿಡು.

ಇಕಾ, ತಂದೆ. ಒಳಗೇ ಬಿಚ್ಚಿದೆ, ಬೆಸಿಗಿ ಭಾಳ ಗಟ್ಟಿ ಇತ್ತು. ಚಮಚಾದಾಗ ಐತಿ ನೋಡು, ಗಂಗಾ. ಬಾಯಿ ತೆರಿ. ...ತೆರಿ ಬೇ! ಯಾಕ ತುಟಿ ಬಿಗಿ ಹಿಡದಿ? ಇಷ್ಟೊತ್ತು ಅದನ್ನ ಬೇಡಿದಿ! ಒಂದ ಹನಿ... ನನ್ನ ಆಣಿ... ನೋಡು, ಗದ್ದಕ್ಕೆಲ್ಲಾ ಚೆಲ್ಲಿತು.

ಈಗ ಇಂಜಿನ್ನ ಯಾಕ ನೋಡ್ತಿ? ಅಷ್ಟೊತ್ತು ನೋಡಂದ್ರ ನೋಡಲಿಲ್ಲ! ಅದರ ಹೊಟ್ಟಿ ತಾಮ್ರ ಗುಜರಿ ದಸ್ತಗೀರಸಾಬ ಕೊಟ್ಟದ್ದು ಬೇ, ಹಳೇ ಹಂಡೇದ್ದು... ಹಂಡೇದ್ದು...

ಯವ್ವಾ, ಹಂಗ ನೋಡಬ್ಯಾಡ.

ಉಗಿ ಹಿಡಿಯಾಕ ಇಟ್ಟ ಡಬ್ಬಿಗೋಳು ಎಲ್ಲಾ ಬೆಸಿಗಿ ಬಿಡತಿದ್ದೂ! ಮೂರು ಒಡದೂವು, ಒಂದು ನನ್ನ ಕೈ ಸುಟ್ಟಿತು. ಆ ಗಿಂಡಿ ಒಂದ ತಗಡಿನಾಗ ಬಡದದ್ದು, ಮೈಯಾಗ ಒಂದು ಸಂದಿಲ್ಲ, ಎಷ್ಟು ಉಗಿ ಏರಿದ್ರೂ ತಡೀತಿತ್ತು, ಅದನ್ನೇ ಇಂಜಿನ್ನಿಗೆ ಕುಂಡ್ರಿಸಿದೆ. ನೀ ಆಗ ಗಟ್ಟಿಮುಟ್ಟ ಇದ್ದಿ. ಕಾಶಿಗೆ ಹೋಗಿ ಇನ್ನೊಂದು ತಂದರಾತು ಅನಕೊಂಡೆ. ಮಗ್ಗ ಬಿಟ್ಟು ಹೆಂಗ ಹೋಗ್ಲಿ? ನೀ ಕಳಿಸ್ತಿದ್ದೇನು? ಜಗಲಿ ಮ್ಯಾಲ ಆ ಅರಿವ್ಯಾಗ ಇರೂದು ಖಾಲಿ ತಂಬಿಗಿ ಬೇ. ದಿನಾ ಕೈ ಮುಗೀತಿದ್ದಿ ನೀ ಅದಕ್ಕ. ನಾ ಮಗ್ಗದಾಗ ಕುಂತು ನೋಡತಿದ್ದೆ.

ನೀರು? ಚೆಲ್ಲಿಲ್ಲ. ದೇವರಾಣಿ ಚೆಲ್ಲಿಲ್ಲ. ನಮ್ಮ ಬಾವಿ ನೀರು ಸವಳು, ಕಿಟ್ಟ ಕಟ್ಟತೈತಿ ಅಂತ... ಮೊದಲನೇ ಸಲ ಆ ನೀರಿನ ಮ್ಯಾಲೇ ಓಡಿಸಿದೆ. ಬಾಗಲದಾಗ ನಿಂತು ನೋಡಿ ನಕ್ಕಿದ್ದಿ, ಸೆರಗು ಬಾಯಿಗೆ ಹಿಡಕೊಂಡು. ಅವತ್ತು ಮ್ಯಾಲ ಹೋದ ಉಗಿ... ಅದೇ ಯವ್ವಾ, ನಿನ್ನ ಗಂಗಾ.

ಈ ಚಮಚಾದಾಗಿರೂದು ಬಾವಿ ನೀರು. ಖರೆ ಹೇಳಿದೆ. ಈಗರೆ ಬಾಯಿ ತೆರಿ ಬೇ.